ನೊರೆ ಬಂದರೇ ಕೊಳೆ ಹೋಯಿತೇ?

ಹೋದ ತಿಂಗಳು ಒಂದು ಭಾನುವಾರ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಇಳಿದೆ. ಹದಿನೈದು ಅಂಟುವಾಳಕಾಯಿ ಜಜ್ಜಿ, ಬೀಜ ತೆಗೆದು, ಹಿಂದಿನ ರಾತ್ರಿಯೇ ನೆನೆಸಿಟ್ಟಿದ್ದೆ. ಬೆಳಿಗ್ಗೆ ಒಂದು ಲೀಟರ್ ನೀರಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಕಿವುಚಿ, ಸೋಸಿದೆ. ಡಿಕಾಕ್ಷನ್ ಬಣ್ಣದ ನೀರು ಬಂತು. ವಾಸನೆ ಅಷ್ಟೇನೂ ಚೆನ್ನಾಗಿಲ್ಲ. ಅದರಲ್ಲಿ ಒಗ್ಗರಣೆ ಬಾಣಲೆ ತಿಕ್ಕಿದರೆ ಒಂಚೂರು ನೊರೆ ಎದ್ದು, ಹಾಗೇ ಇಳಿದುಹೋಯಿತು. ‘ಅಯ್ಯೋ, ತೊಳೆದ ಹಾಗೇ ಆಗಲಿಲ್ವಲ್ಲ’ ಅನ್ನಿಸಿತು. ಬೆರಳಾಡಿಸಿ ನೋಡಿದೆ, ಜಿಡ್ಡು ಹೋಗಿತ್ತು. ಆದರೂ ನಂಬಿಕೆ ಬರದೆ, ಅಂಗಡಿಯ ಲಿಕ್ವಿಡ್ ಹಾಕಿ ಇನ್ನೊಂದು ಸಲ ತೊಳೆದೆ!

ನೊರೆ ಬರದಿದ್ದರೆ ಕೊಳೆ ಹೋಗಿಲ್ಲ ಅನ್ನೋ ಈ ನಂಬಿಕೆ ನನ್ನ ತಲೆಗೆ ಎಲ್ಲಿಂದ ಬಂತು? ನಮ್ಮಜ್ಜಿಗಂತೂ ಅದು ಇರಲಿಲ್ಲ. ಅವರ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಇದ್ದದ್ದು ಒಲೆಯ ಬೂದಿ, ತೆಂಗಿನ ನಾರು, ಒಂದು ಉಂಡೆ ಹಳೇ ಹುಣಸೆಹಣ್ಣು. ಮೊದಲು ಬೂದಿ ಹಾಕಿ ಜಿಡ್ಡು ತೆಗೆಯೋರು. ಆಮೇಲೆ ಹಿತ್ತಾಳೆ, ತಾಮ್ರದ ಪಾತ್ರೆಗೆ ಮಾತ್ರ ಹುಣಸೆಹಣ್ಣು, ಉಪ್ಪು. ರಸಾಯನಶಾಸ್ತ್ರ ಓದದಿದ್ದರೂ ಅವರ ಕ್ರಮ ಸರಿಯಾಗಿತ್ತು. ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಶಿಯಂ ಕಾರ್ಬೋನೇಟ್ ಇರುತ್ತೆ, ಅದು ಕ್ಷಾರ. ಜಿಡ್ಡಿನ ಜತೆ ಸೇರಿದಾಗ ಪಾತ್ರೆಯ ಮೇಲೇ ಒಂದಿಷ್ಟು ಸಾಬೂನು ಹುಟ್ಟುತ್ತೆ. ಹುಣಸೆಹಣ್ಣಿನಲ್ಲಿರೋದು ಟಾರ್ಟಾರಿಕ್ ಆಮ್ಲ, ಅದು ತಾಮ್ರದ ಮೇಲಿನ ಕಪ್ಪನ್ನು ಕರಗಿಸುತ್ತೆ. ಎರಡನ್ನೂ ಅವರು ಒಟ್ಟಿಗೆ ಬೆರೆಸುತ್ತಿರಲಿಲ್ಲ.

ನಾವು ಬೆರೆಸುತ್ತೇವೆ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದಾಗ ಬುಸ್ ಅಂತ ಉಕ್ಕೋದು ನೋಡಿ ಖುಷಿಪಡುತ್ತೇವೆ. ಕ್ಷಾರವೂ ಆಮ್ಲವೂ ಪರಸ್ಪರ ಹೊಡೆದಾಡಿಕೊಂಡು ಮುಗಿದ ಮೇಲೆ ಉಳಿಯೋದು ಹೆಚ್ಚುಕಡಿಮೆ ಬರೀ ಉಪ್ಪುನೀರು. ಬೇರೆ ಬೇರೆಯಾಗಿ ಬಳಸಿದರೆ ಎರಡೂ ಕೆಲಸಕ್ಕೆ ಬರುತ್ತವೆ.

ಅಂಟುವಾಳದ ಕಥೆ ಇನ್ನೂ ಸ್ವಾರಸ್ಯವಾಗಿದೆ. ರೋಮ್‌ನ ಪ್ಲಿನಿ ಮೊದಲನೇ ಶತಮಾನದಲ್ಲೇ ‘ಸಾಪೋ’ ಅನ್ನೋ ವಸ್ತುವಿನ ಬಗ್ಗೆ ಬರೆದಿದ್ದಾನೆ. ಕೊಬ್ಬು ಮತ್ತು ಬೂದಿ ಸೇರಿಸಿ ಗಾಲ್ ಜನ ಮಾಡುತ್ತಿದ್ದದ್ದು, ಅದೂ ಕೂದಲು ಕೆಂಪಾಗಿಸೋಕೆ. ಆ ಪದವೇ ಅರಬ್ಬಿಯಲ್ಲಿ ಸಾಬೂನ್ ಆಗಿ, ನಮ್ಮಲ್ಲಿ ಸಾಬೂನು ಆಯಿತು. ಅಂಟುವಾಳದ ಸಸ್ಯಕುಲಕ್ಕೆ ಲಿನೇಯಸ್ ಕೊಟ್ಟ ಹೆಸರು ‘ಸಪಿಂಡಸ್’, ಅಂದರೆ ಭಾರತದ ಸಾಬೂನು. ರೇಷ್ಮೆ ಸೀರೆ ಒಗೆಯೋಕೆ, ಒಡವೆ ಬೆಳಗೋಕೆ ನಮ್ಮವರು ಬಳಸಿದ್ದು ಇದನ್ನೇ. ಕೆಲಸ ಮಾಡೋದು ಅದರ ಸಿಪ್ಪೆಯಲ್ಲಿರುವ ಸಪೋನಿನ್.

ಹಾಗಾದರೆ ಬಾಟಲಿಯ ನೊರೆ ಎಲ್ಲಿಂದ ಬಂತು? ಅದಕ್ಕೆ ಮೊದಲನೇ ಮಹಾಯುದ್ಧಕ್ಕೆ ಹೋಗಬೇಕು. ಯುದ್ಧದಿಂದ ಯುರೋಪಿಗೆ ಗಂಧದ ಮರ ಹೋಗುವುದು ನಿಂತು, ಮೈಸೂರು ಸಂಸ್ಥಾನದಲ್ಲಿ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಅದರಿಂದ ಎಣ್ಣೆ ತೆಗೆಯೋದು ಶುರುವಾಯಿತು. ಸ್ವಲ್ಪ ವರ್ಷಗಳಲ್ಲೇ ಆ ಎಣ್ಣೆಯ ಸೋಪೂ ಬಂತು. ಅದೇ ಯುದ್ಧದಲ್ಲಿ ಜರ್ಮನಿಗೆ ಸಾಬೂನಿಗೆ ಬೇಕಾದ ಕೊಬ್ಬು ಸಿಗದೇ ಹೋಯಿತು. ಅಲ್ಲಿನ ರಸಾಯನಶಾಸ್ತ್ರಜ್ಞರು ಕೊಬ್ಬಿಲ್ಲದೇ ತೊಳೆಯುವ ಕೃತಕ ಮಾರ್ಜಕ ಹುಡುಕಿದರು. ಒಂದೇ ಯುದ್ಧ, ಒಂದು ಕಡೆ ಮೈಸೂರ್ ಸ್ಯಾಂಡಲ್, ಇನ್ನೊಂದು ಕಡೆ ಡಿಟರ್ಜೆಂಟ್.

ಎರಡನೇ ಮಹಾಯುದ್ಧದ ನಂತರ ಡಿಟರ್ಜೆಂಟ್ ಪುಡಿ ಮನೆಮನೆಗೂ ಹೋಯಿತು. 1950ರ ದಶಕದಲ್ಲಿ ಯುರೋಪು, ಅಮೆರಿಕದ ನದಿಗಳ ಮೇಲೆ ನೊರೆಯ ಗುಡ್ಡೆ ಎದ್ದಿತು. ಆಗಿನ ಮಾರ್ಜಕಗಳು ಕೊಳೆತು ಕರಗುತ್ತಿರಲಿಲ್ಲ. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ತಂದಿತು, ಕಂಪನಿಗಳು ಬೇಗ ಕೊಳೆಯುವ ರಾಸಾಯನಿಕಕ್ಕೆ ಬದಲಾದವು. ನಮ್ಮಲ್ಲಿ ಸರ್ಫ್ ಬಂದದ್ದು 1959ರಲ್ಲಿ. ಹತ್ತು ವರ್ಷದ ನಂತರ, 1969ರಲ್ಲಿ, ಗುಜರಾತಿನ ಕರ್ಸನ್‌ಭಾಯಿ ಪಟೇಲರು ಮನೆಯಲ್ಲೇ ಪುಡಿ ಬೆರೆಸಿ ಸೈಕಲ್ ಮೇಲೆ ಮಾರಿದ ನಿರ್ಮಾ, ಬಡವರ ಮನೆಗೂ ನೊರೆ ತಲುಪಿಸಿತು. ‘ಮನೆಯಲ್ಲೇ ಮಾಡಿದ್ದು’ ಅನ್ನೋದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಾ?

ಯುರೋಪು ಅರವತ್ತು ವರ್ಷದ ಹಿಂದೆ ಕಂಡದ್ದನ್ನು ನಾವು ಬೆಂಗಳೂರಲ್ಲಿ ಕಂಡೆವು. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೇ ಹತ್ತಿಕೊಂಡಿತು. ಈಗಿನ ಮಾರ್ಜಕಗಳು ಕೊಳೆಯಬಲ್ಲವು, ನಿಜ. ಆದರೆ ಸಂಸ್ಕರಿಸದ ಚರಂಡಿ ನೀರು ನೇರವಾಗಿ ಕೆರೆಗೆ ಹೋದರೆ, ಅಲ್ಲಿ ಆಮ್ಲಜನಕವೇ ಇಲ್ಲದಿದ್ದರೆ, ಕೊಳೆಯೋದು ಹೇಗೆ? ಅವು ತಳದ ಕೆಸರಿನಲ್ಲಿ ಕೂತು, ಜೋರು ಮಳೆಗೆ ಕದಡಿ ಮೇಲೆ ಬರುತ್ತವೆ. ಆ ನೊರೆಯಲ್ಲಿ ನನ್ನ ಸಿಂಕಿನ ಪಾಲೂ ಇದೆ.

ಇದನ್ನೆಲ್ಲ ಓದಿ, ‘ಅಜ್ಜಿ ಕಾಲವೇ ಚೆನ್ನಾಗಿತ್ತು’ ಅಂತ ಮುಗಿಸಿಬಿಡೋದು ಸುಲಭ. ಆದರೆ ಬೂದಿ ಬೆರಳುಗಳನ್ನು ಒಡೆಸುತ್ತೆ. ಅಜ್ಜಿಯ ಬೆರಳ ಸಂದಿಗಳು ವರ್ಷವಿಡೀ ಬಿರುಕು ಬಿಟ್ಟಿರುತ್ತಿದ್ದವು. ಹಳದಿ ಪುಡಿ ಮನೆಗೆ ಬಂದ ದಿನ ಅವರು ಬೂದಿಯ ಡಬ್ಬ ಎತ್ತಿ ತಿಪ್ಪೆಗೆ ಸುರಿದರಂತೆ. ಊರಿನ ಬಟ್ಟೆಯನ್ನು ಸವಳು ಮಣ್ಣಲ್ಲಿ ಒಗೆದು, ಬಂಡೆಗೆ ಬಡಿಯುತ್ತಿದ್ದ ಮಡಿವಾಳರ ಬೆನ್ನಿನ ನೋವನ್ನು ಯಾರೂ ಬರೆದಿಡಲಿಲ್ಲ. ‘ನೈಸರ್ಗಿಕ’ ಅನ್ನೋ ಪದದ ಅಡಿಯಲ್ಲಿ ಯಾರದ್ದೋ ಕೈ ಸವೆದಿರುತ್ತೆ. ಅಷ್ಟೇ ಅಲ್ಲ, ನೈಸರ್ಗಿಕ ಎಂದರೆ ನಿರಪಾಯ ಅಂತಲೂ ಅಲ್ಲ. ಹಿಂದೆ ಹೊಳೆಯಲ್ಲಿ ಮೀನಿಗೆ ಮತ್ತು ಬರಿಸಿ ಹಿಡಿಯೋಕೆ ಬಳಸುತ್ತಿದ್ದ ಕಾಯಿಗಳಲ್ಲಿ ಅಂಟುವಾಳವೂ ಒಂದು. ಸಪೋನಿನ್ ಬೇಗ ಕೊಳೆಯುತ್ತೆ ಅನ್ನೋದಷ್ಟೇ ಸಮಾಧಾನ.

ಹಾಗಾಗಿ ನಮ್ಮ ಮನೆಯಲ್ಲಿ ಈಗ ರಾಜಿ ಆಗಿದೆ. ದಿನದ ಪಾತ್ರೆ, ನೆಲ, ಅಮ್ಮನ ರೇಷ್ಮೆ ಸೀರೆಗೆ ಅಂಟುವಾಳ. ಸೋಸಿದ ನೀರು ಫ್ರಿಜ್‌ನಲ್ಲಿ ಒಂದು ವಾರ ಇರುತ್ತೆ, ಆಮೇಲೆ ಹುಳಿಯುತ್ತೆ. ದೇವರ ಮನೆಯ ದೀಪಕ್ಕೆ ಹುಣಸೆಹಣ್ಣು. ವಾಷಿಂಗ್ ಮಷೀನಿಗೆ ಅಂಗಡಿ ಪುಡಿಯೇ, ಆದರೆ ಮುಂಚೆ ಹಾಕುತ್ತಿದ್ದ ಅರ್ಧದಷ್ಟು. ಬಟ್ಟೆ ಮುಂಚಿನಷ್ಟೇ ಶುಭ್ರ. ಪಾತ್ರೆ ತೊಳೆಯುವ ಸರದಿ ನನ್ನದೇ. ನೊರೆ ಕಾಣದಾಗ ಈಗಲೂ ಕೈ ಬಾಟಲಿಯ ಕಡೆ ಹೋಗುತ್ತೆ, ಆಗ ಬೆರಳಾಡಿಸಿ ನೋಡಿ ಸುಮ್ಮನಾಗುತ್ತೇನೆ.