ನಾಯಿಗಳ ಕೀಲುನೋವು, ಅಪಸ್ಮಾರಕ್ಕೆ ಸಿಬಿಡಿ: ಅಳತೆಗೋಲಿನ ಪ್ರಶ್ನೆ

ಗಾಂಜಾದ ಔಷಧಗುಣ ಪಾಶ್ಚಾತ್ಯ ವೈದ್ಯಶಾಸ್ತ್ರದ ಗಮನಕ್ಕೆ ಬಂದದ್ದು ನಮ್ಮ ದೇಶದಲ್ಲಿ ಪ್ರಾಣಿಗಳ ಮೇಲೆ, ಬಳಿಕ ರೋಗಿಗಳ ಮೇಲೆ ನಡೆದ ಪ್ರಯೋಗಗಳಿಂದ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ಬ್ರೂಕ್ ಒʼಶಾನೆಸ್ಸಿ 1839ರ ತಮ್ಮ ಪ್ರಬಂಧದಲ್ಲಿ, ರೋಗಿಗಳಿಗೆ ಕೊಡುವ ಮೊದಲು ನಾಯಿ ಮುಂತಾದ ಪ್ರಾಣಿಗಳಿಗೆ ಚರಸ್ ತಿನ್ನಿಸಿ ನೋಡಿದ್ದನ್ನು ದಾಖಲಿಸಿದ್ದಾರೆ. ಈಗ ಅದೇ ಗಿಡದ ಸಂಯುಕ್ತಗಳಿಂದ ನಾಯಿಗೇ ಚಿಕಿತ್ಸೆ ಕೊಡಬಹುದೇ ಎಂಬುದು ಪಶುವೈದ್ಯರ ಮುಂದಿರುವ ಪ್ರಶ್ನೆ.

ಮತ್ತೇರಿಸುವ ಟಿಎಚ್‌ಸಿಯನ್ನು ಮೊದಲೇ ಬದಿಗಿಡಬೇಕು. ನಾಯಿಯ ಕಿರುಮೆದುಳಿನಲ್ಲಿ ಅದು ಅಂಟಿಕೊಳ್ಳುವ ಸಿಬಿ1 ಗ್ರಾಹಿಗಳು ದಟ್ಟವಾಗಿವೆ. ಹಾಗಾಗಿ ಟಿಎಚ್‌ಸಿ ಹೊಟ್ಟೆಗೆ ಹೋದ ನಾಯಿ ತೂರಾಡುತ್ತದೆ, ಮಂಪರಿಗೆ ಜಾರುತ್ತದೆ, ಮೂತ್ರದ ಹಿಡಿತ ಕಳೆದುಕೊಳ್ಳುತ್ತದೆ. ಚಿಕಿತ್ಸೆಯ ಭರವಸೆಯೆಲ್ಲ ಇರುವುದು ಮತ್ತೇರಿಸದ ಕ್ಯಾನಬಿಡಿಯಾಲ್, ಅಂದರೆ ಸಿಬಿಡಿಯ ಮೇಲೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಭರವಸೆಗೆ ಬಲ ಕೊಟ್ಟಿತು. ಕೀಲುಸವೆತದ ನಾಯಿಗಳಿಗೆ ದೇಹತೂಕದ ಪ್ರತಿ ಕಿಲೋಗೆ 2 ಮಿ.ಗ್ರಾಂ. ಸಿಬಿಡಿಯನ್ನು 12 ಗಂಟೆಗೊಮ್ಮೆ ನಾಲ್ಕು ವಾರ ಕೊಟ್ಟಾಗ, ಪ್ಲಸೀಬೊಗೆ (ಔಷಧಾಂಶವಿಲ್ಲದ ಹುಸಿಮದ್ದಿಗೆ) ಹೋಲಿಸಿದರೆ ನೋವಿನ ಅಂಕ ಇಳಿಯಿತು, ಓಡಾಟ ಸುಧಾರಿಸಿತು. ಆದರೆ ಯಕೃತ್ತಿಗೆ ಸಂಬಂಧಿಸಿದ ಆಲ್ಕಲೈನ್ ಫಾಸ್ಫಟೇಸ್ ಕಿಣ್ವದ ಮಟ್ಟವೂ ಏರಿತು. ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದವರು 26 ನಾಯಿಗಳನ್ನು ಸೇರಿಸಿಕೊಂಡು ನಡೆಸಿದ 2019ರ ಅಪಸ್ಮಾರದ ಅಧ್ಯಯನದ ಫಲಿತಾಂಶ ಇಷ್ಟು ನೇರವಾಗಿಲ್ಲ. ಸಿಬಿಡಿ ಪಡೆದ ಗುಂಪಿನಲ್ಲಿ ಸೆಳವುಗಳ ಸಂಖ್ಯೆ ಮಧ್ಯಾಂಕದ ಲೆಕ್ಕದಲ್ಲಿ 33% ತಗ್ಗಿತಾದರೂ, ಸೆಳವು ಅರ್ಧಕ್ಕರ್ಧ ಇಳಿದ ನಾಯಿಗಳ ಪ್ರಮಾಣ ಸಿಬಿಡಿ, ಪ್ಲಸೀಬೊ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮಹತ್ವದ್ದು ಕೊಲೊರಾಡೊದಿಂದಲೇ 2021ರಲ್ಲಿ ಬಂದ ಕೀಲುನೋವಿನ ಅಧ್ಯಯನ. ಅಲ್ಲಿ ಮಾಲೀಕರ ಪ್ರಶ್ನಾವಳಿಯ ಜೊತೆಗೆ ನಾಯಿಯ ನಡಿಗೆಯನ್ನು, ದಿನದ ಚಲನವಲನವನ್ನು ಉಪಕರಣಗಳಿಂದಲೂ ಅಳೆದರು. ಸಿಬಿಡಿಗೂ ಪ್ಲಸೀಬೊಗೂ ವ್ಯತ್ಯಾಸ ಕಾಣಲಿಲ್ಲ. ಮೂಕಪ್ರಾಣಿ ತನ್ನ ನೋವನ್ನು ಹೇಳದು. ಅದರ ಪರವಾಗಿ ಹೇಳುವವರು ಅದನ್ನು ಸಾಕಿದವರು. ಔಷಧಿ ಕೊಟ್ಟೆವೆಂಬ ನೆಮ್ಮದಿ ಅವರ ಕಣ್ಣಿಗೆ ಸುಧಾರಣೆಯಾಗಿ ಕಾಣುವುದು ಅಸಹಜವಲ್ಲ. ವೈದ್ಯರೂ ಇದಕ್ಕೆ ಹೊರತಲ್ಲ. ಈ ಅಧ್ಯಯನ ಕಾರ್ನೆಲ್ ತಂಡದ್ದನ್ನು ಸುಳ್ಳಾಗಿಸಿತು ಎಂದು ಇದರರ್ಥವಲ್ಲ: ಬಳಸಿದ ಎಣ್ಣೆ, ಪ್ರಮಾಣ, ಅವಧಿ ಎರಡೂ ಕಡೆ ಬೇರೆಬೇರೆ, ನಾಯಿಗಳ ಸಂಖ್ಯೆಯೂ ಚಿಕ್ಕದು. ಆದರೂ ಪ್ಲಸೀಬೊ ಗುಂಪಿಲ್ಲದ, ಬರಿಗಣ್ಣಿನ ಅಂದಾಜನ್ನೇ ನೆಚ್ಚಿದ ವರದಿಗಳನ್ನು ಪುರಾವೆಯೆಂದು ಒಪ್ಪಲಾಗದು.

ಸುರಕ್ಷತೆಯ ಪ್ರಶ್ನೆಯೂ ಇದೆ. ಯಕೃತ್ತಿನಲ್ಲಿ ಔಷಧಿಗಳನ್ನು ವಿಘಟಿಸುವ ಕಿಣ್ವಗಳ ಮೇಲೆ ಸಿಬಿಡಿಯ ಪ್ರಭಾವವಿದೆ. ಆದ್ದರಿಂದ ಅಪಸ್ಮಾರದ ಔಷಧಿ ಫಿನೋಬಾರ್ಬಿಟಾಲ್ ಪಡೆಯುತ್ತಿರುವ ನಾಯಿಗೆ ಅದನ್ನು ಕೊಡುವಾಗ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಸದ್ಯದ ಪುರಾವೆಯ ಮಟ್ಟಿಗೆ ಸಿಬಿಡಿ, ರೂಢಿಯಲ್ಲಿರುವ ನೋವುನಿವಾರಕಕ್ಕಾಗಲಿ ಅಪಸ್ಮಾರದ ಔಷಧಿಗಾಗಲಿ ಬದಲಿಯಲ್ಲ. ಪಶುವೈದ್ಯರ ನಿಗಾದಲ್ಲಿ, ಅವುಗಳ ಜೊತೆಗೆ ಪರೀಕ್ಷಿಸಿ ನೋಡಬಹುದಾದ ಪೂರಕ ಮಾತ್ರ.