ಕಾಡು ಸುತ್ತುವವರಿಗೆ ಏನು ಕೊಡೋಣ? ಕಾರವಾರದ ಹಕ್ಕಿಯಿಂದ ಜೈಲಿನ ಪುಸ್ತಕದವರೆಗೆ

ಮುಂಬಯಿಯ ಫೋರ್ಟ್ ಕಡೆ ಓಡಾಡಿದವರಿಗೆ ಲಯನ್ ಗೇಟ್ ಗೊತ್ತಿರುತ್ತದೆ. ನೌಕಾದಳದ ಆ ಗೇಟಿನ ಎದುರಿಗೆ, ಶಹೀದ್ ಭಗತ್ ಸಿಂಗ್ ರಸ್ತೆಯಲ್ಲಿ, ಒಂದು ಕಟ್ಟಡವಿದೆ. ಹೆಸರು 'ಹಾರ್ನ್‌ಬಿಲ್ ಹೌಸ್'. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ, ಅಂದರೆ ಬಿಎನ್‌ಎಚ್‌ಎಸ್‌ನ ಕಚೇರಿ. ಹಾರ್ನ್‌ಬಿಲ್ ಅಂದರೆ ನಮ್ಮ ಮಂಗಟ್ಟೆ ಹಕ್ಕಿ. ಮಂಗಟ್ಟೆಗೂ ಫೋರ್ಟಿಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ, ಅದೂ ಒಂದು ಉಡುಗೊರೆಯ ಮೂಲಕ. ಆ ಉಡುಗೊರೆ ಬಂದದ್ದು ನಮ್ಮ ಕಾರವಾರದಿಂದ!

ಇದನ್ನು ಬರೆಯಲು ಕಾರಣ ಹೇಳಿಬಿಡುತ್ತೇನೆ. ಈಗ ಪ್ರತಿ ಮನೆಯಲ್ಲೂ ಒಬ್ಬ ಟ್ರೆಕ್ಕಿಂಗ್ ಹುಚ್ಚಿನವರು ಇದ್ದಾರೆ. ಮಳೆಗಾಲ ಶುರುವಾಯಿತೆಂದರೆ ಶನಿವಾರ ರಾತ್ರಿಯೇ ಚೀಲ ಹೆಗಲಿಗೇರಿಸಿ ಸಹ್ಯಾದ್ರಿಯ ಕೋಟೆಗಳ ಕಡೆ ಹೊರಡುವವರು, ರಜೆ ಸಿಕ್ಕರೆ ಬಂಡೀಪುರ, ಕಾನ್ಹಾ, ಕಾರ್ಬೆಟ್ ಅಂತ ಟಿಕೆಟ್ ಬುಕ್ ಮಾಡುವವರು. ಇವರ ಹುಟ್ಟುಹಬ್ಬವೋ ನಿವೃತ್ತಿಯೋ ಬಂದಾಗ ಏನು ಕೊಡಬೇಕು ಎಂಬುದು ದೊಡ್ಡ ಪ್ರಶ್ನೆ. ಅಂಗಡಿಗೆ ಹೋದರೆ ನೂರೆಂಟು ಸಾಮಾನು. ಆದರೆ ಕಾಡನ್ನು ಪ್ರೀತಿಸುವವರಿಗೆ ಉಡುಗೊರೆ ಕೊಡುವ ಪದ್ಧತಿಗೂ ನಮ್ಮ ದೇಶದಲ್ಲಿ ಒಂದು ಚರಿತ್ರೆ ಇದೆ. ಅದನ್ನು ತಿಳಿದರೆ ಏನು ಕೊಡಬೇಕು, ಏನು ಕೊಡಬಾರದು ಎರಡೂ ಸ್ಪಷ್ಟವಾಗುತ್ತದೆ ಎಂಬುದು ನನ್ನ ಅನಿಸಿಕೆ. ನಾನು ಬಿ.ಕಾಂ. ಓದಿದ ಬ್ಯಾಂಕಿನವನು, ಪ್ರಾಣಿಶಾಸ್ತ್ರಜ್ಞನಲ್ಲ. ಬ್ಯಾಲೆನ್ಸ್ ಶೀಟ್ ಓದುವ ಹಾಗೆ ಇದನ್ನೂ ಓದಿದ್ದೇನೆ ಅಷ್ಟೇ.

ಬಿಎನ್‌ಎಚ್‌ಎಸ್ ಹುಟ್ಟಿದ್ದು 1883ರ ಸೆಪ್ಟೆಂಬರ್ 15ರಂದು. ಈಗ ಭಾವು ದಾಜಿ ಲಾಡ್ ಮ್ಯೂಸಿಯಂ ಎನ್ನುತ್ತೇವಲ್ಲ, ಭಾಯಖಳಾದ ಆ ಮ್ಯೂಸಿಯಂನಲ್ಲಿ ಎಂಟು ಜನ ಸೇರಿ ಸ್ಥಾಪಿಸಿದರು. ಎಂಟರಲ್ಲಿ ಇಬ್ಬರು ಭಾರತೀಯ ಡಾಕ್ಟರುಗಳು: ಆತ್ಮಾರಾಮ್ ಪಾಂಡುರಂಗ್ ಮತ್ತು ಸಖಾರಾಮ್ ಅರ್ಜುನ್. ಇನ್ನೊಬ್ಬರು ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್, 'ಈಹಾ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. ಅವರು ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯ ಅಧಿಕಾರಿ. ನಮ್ಮ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು, ಅಲ್ಲಿಯೂ ಕೆಲಸ ಮಾಡಿದ್ದರು. ಕಡತ ನೋಡುವ ಕಣ್ಣಿನಿಂದಲೇ ಹಕ್ಕಿಯನ್ನೂ ಕೀಟವನ್ನೂ ನೋಡಿ ಬರೆದ ಮನುಷ್ಯ. ನಮ್ಮಂಥ ಮೇಜಿನ ಕೆಲಸದವರಿಗೆ ಇದೊಂದು ಸಮಾಧಾನ!

ಸೊಸೈಟಿಗೆ ಸ್ವಂತ ಜಾಗ ಇರಲಿಲ್ಲ. ಫಿಪ್ಸನ್ ಎಂಬ ವೈನ್ ವ್ಯಾಪಾರಿ ಅದರ ಕಾರ್ಯದರ್ಶಿಯಾಗಿದ್ದರು. 1886ರಲ್ಲಿ ಅವರು ಅಪೋಲೋ ಸ್ಟ್ರೀಟಿನ 6ನೇ ನಂಬರಿನ ತಮ್ಮ ಅಂಗಡಿಯಲ್ಲೇ ಜಾಗ ಕೊಟ್ಟರು. ಅಪೋಲೋ ಸ್ಟ್ರೀಟ್ ಅಂದರೆ ಇಂದಿನ ಮುಂಬಯಿ ಸಮಾಚಾರ್ ಮಾರ್ಗ, ಷೇರುಪೇಟೆಯ ಆಸುಪಾಸಿನ ಬೀದಿ. 1894ರಲ್ಲಿ ಕಾರವಾರದ ಇಂಗಲ್ ಎಂಬುವವರು ಮೂರು ತಿಂಗಳ ಒಂದು ದೊಡ್ಡ ಮಂಗಟ್ಟೆಯ ಮರಿಯನ್ನು ಸೊಸೈಟಿಗೆ ಉಡುಗೊರೆಯಾಗಿ ಕೊಟ್ಟರು. ಅದಕ್ಕೆ 'ವಿಲಿಯಂ' ಎಂದು ನಾಮಕರಣವಾಯಿತು. ಕಾರ್ಯದರ್ಶಿಯ ಕುರ್ಚಿಯ ಹಿಂದೆ ಪಂಜರ. ಆ ಪಂಜರದಲ್ಲಿ ಅದು ಕಳೆದದ್ದು ಒಂದೆರಡು ವರ್ಷವಲ್ಲ, ಇಪ್ಪತ್ತಾರು ವರ್ಷ. 1920ರಲ್ಲಿ ತಂತಿಯ ತುಂಡೊಂದನ್ನು ನುಂಗಿ ಸತ್ತಿತು. ಅದರ ನೆನಪಿಗೇ ಸೊಸೈಟಿಯ ಲಾಂಛನದಲ್ಲಿ ಮಂಗಟ್ಟೆ, ಕಟ್ಟಡಕ್ಕೂ ಅದೇ ಹೆಸರು.

ಕೊಟ್ಟವರು ಪ್ರೀತಿಯಿಂದ ಕೊಟ್ಟರು, ಇಟ್ಟುಕೊಂಡವರೂ ಪ್ರೀತಿಯಿಂದಲೇ ಸಾಕಿದರು. ಅದರಲ್ಲಿ ಅನುಮಾನವಿಲ್ಲ. ಆದರೆ ಕಾಡಿನಲ್ಲಿ ಮಂಗಟ್ಟೆ ಬದುಕುವ ರೀತಿ ನೋಡಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಂದು ಸಣ್ಣ ಸಂದು ಮಾತ್ರ ಬಿಟ್ಟಿರುತ್ತದೆ. ಗಂಡು ಹಣ್ಣು ತಂದು ತಂದು ಆ ಸಂದಿಯಿಂದ ಉಣಿಸಬೇಕು. ತಿಂದ ಹಣ್ಣಿನ ಬೀಜ ದೂರ ದೂರ ಬಿದ್ದು ಕಾಡು ಬೆಳೆಯುತ್ತದೆ. ಅಂಥ ಹಕ್ಕಿ ವೈನ್ ಅಂಗಡಿಯಲ್ಲಿ ಒಂಟಿಯಾಗಿ ಕಾಲು ಶತಮಾನ ಕೂತಿತ್ತು. ಆ ಕಾಲದಲ್ಲಿ ಕಾಡನ್ನು ಪ್ರೀತಿಸುವುದೆಂದರೆ ಕಾಡಿನ ಒಂದು ತುಂಡನ್ನು ಮನೆಗೆ ತರುವುದು ಎಂದೇ ಅರ್ಥ: ಜೀವಂತ ಮರಿ, ಹುಲಿಯ ಚರ್ಮ, ಗೋಡೆಗೆ ಜಿಂಕೆಯ ಕೊಂಬು.

ಇನ್ನೊಂದು ಉಡುಗೊರೆ ಎಂದರೆ ಬಂದೂಕು. 1907ರಲ್ಲಿ ಜಿಮ್ ಕಾರ್ಬೆಟ್ ಕುಮಾವೂನಿನ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದಾಗ, ಸಂಯುಕ್ತ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಜಾನ್ ಹೆವೆಟ್ ಅವರಿಗೆ ಒಂದು ರಿಗ್ಬಿ ರೈಫಲ್ ಕೊಟ್ಟು ಸನ್ಮಾನಿಸಿದರು. ರೈಫಲ್ ಮೇಲೆ ಅದರ ಕಾರಣ ಕೆತ್ತಿದ ಬೆಳ್ಳಿಯ ಫಲಕವೂ ಇತ್ತು. ನೂರಾರು ಜನರನ್ನು ಕೊಂದಿದ್ದ ಹುಲಿ ಅದು, ಹಾಗಾಗಿ ಆ ಗೌರವಕ್ಕೆ ಅರ್ಥವಿತ್ತು. ಆದರೆ ಮುಂದೆ ಇದೇ ಕಾರ್ಬೆಟ್ ಹುಲಿಗಳನ್ನು ಸಿನಿಮಾ ಕ್ಯಾಮೆರಾದಲ್ಲಿ ಸೆರೆಹಿಡಿಯುವುದಕ್ಕೆ ಗಂಟೆಗಟ್ಟಲೆ ಕಾದು ಕೂರುತ್ತಿದ್ದರು. 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ 'ಹೇಲಿ ನ್ಯಾಷನಲ್ ಪಾರ್ಕ್' ಆಗುವುದರಲ್ಲಿ ಅವರ ಪಾತ್ರವಿತ್ತು. ಅದಕ್ಕೇ ಈಗ ಅವರ ಹೆಸರು. ಬಂದೂಕಿನಿಂದ ಕ್ಯಾಮೆರಾಕ್ಕೆ, ಕ್ಯಾಮೆರಾದಿಂದ ಉದ್ಯಾನಕ್ಕೆ... ಒಬ್ಬ ಮನುಷ್ಯನ ಆಯುಷ್ಯದಲ್ಲೇ ಇಷ್ಟು ಬದಲಾವಣೆ.

ಕಾರ್ಬೆಟ್‌ಗೆ ರೈಫಲ್ ತಂದುಕೊಟ್ಟ ಬೇಟೆಯ ಮರುವರ್ಷ, 1908ರಲ್ಲಿ, ಮುಂಬಯಿಯಲ್ಲಿ ಒಬ್ಬ ಹುಡುಗ ಆಟಿಕೆಯ ಏರ್‌ಗನ್ನಿನಿಂದ ಒಂದು ಗುಬ್ಬಿ ಹೊಡೆದ. ನೋಡಿದರೆ ಕತ್ತಿನಲ್ಲಿ ಹಳದಿ ಮಚ್ಚೆ! ಇದೇನು ಗುಬ್ಬಿ ಎಂದು ಯಾರಿಗೂ ಹೇಳಲಾಗಲಿಲ್ಲ. ಅಮೀರುದ್ದೀನ್ ತಯ್ಯಬ್ಜಿ ಎಂಬ ಬಂಧು ಅವನನ್ನು ಸೊಸೈಟಿಯ ಕಾರ್ಯದರ್ಶಿ ಮಿಲಾರ್ಡ್ ಅವರ ಪರಿಚಯಕ್ಕೆ ಕಳಿಸಿದರು. ಮಿಲಾರ್ಡ್ ಗದರಲಿಲ್ಲ. ಹುಡುಗ ಎಂದು ಬಾಗಿಲಿನಿಂದಲೇ ಸಾಗಹಾಕಲಿಲ್ಲ. ಹಕ್ಕಿಯ ಹೆಸರು ಹೇಳಿದರು, ಸಂಗ್ರಹದಲ್ಲಿದ್ದ ಹಕ್ಕಿಗಳನ್ನು ತೋರಿಸಿದರು, ಓದಲು ಕೆಲವು ಪುಸ್ತಕ ಕೊಟ್ಟರು. ಅದರಲ್ಲಿ ಒಂದು ಮುಂಬಯಿಯ ಹಕ್ಕಿಗಳ ಬಗ್ಗೆ ಈಹಾ ಬರೆದ ಪುಸ್ತಕ. ನಮ್ಮ ವಿಲಿಯಂ ಆಗ ಹದಿನಾಲ್ಕರ ಹಕ್ಕಿ, ಸೊಸೈಟಿಯ ಪಂಜರದಲ್ಲೇ ಇತ್ತು. ಆ ಹುಡುಗನೇ ಮುಂದೆ ಡಾಕ್ಟರ್ ಸಲೀಂ ಅಲಿ.

ಸಲೀಂ ಅಲಿ ದಾವರ್ ಕಾಲೇಜಿನಲ್ಲಿ ವಾಣಿಜ್ಯ ಕಾನೂನು, ಅಕೌಂಟೆನ್ಸಿ ಓದಿದವರು. ಅಂದರೆ ನಮ್ಮ ಕಾಮರ್ಸ್ ಬಳಗದವರೇ! ವಿಶ್ವವಿದ್ಯಾಲಯದ ಪದವಿ ಇಲ್ಲದ್ದರಿಂದ ಬೇಕಾದ ನೌಕರಿ ಸಿಗಲಿಲ್ಲ. 1926ರಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಸಿಕ್ಕಿದ್ದ ಕೆಲಸವೂ, ಬರ್ಲಿನ್‌ಗೆ ಹೋಗಿ ಕಲಿತು 1930ರಲ್ಲಿ ಮರಳುವಷ್ಟರಲ್ಲಿ ಹಣದ ಅಭಾವದಿಂದ ರದ್ದಾಗಿತ್ತು. ಅಲಿಬಾಗ್ ಹತ್ತಿರದ ಕಿಹೀಮ್ ಎಂಬ ಹಳ್ಳಿಗೆ ಹೋಗಿ ಕೂತು ಗೀಜಗನ ಗೂಡುಗಳನ್ನು ನೋಡಿದರು. ಗಂಡು ಅರ್ಧ ಗೂಡು ಕಟ್ಟುತ್ತದೆ, ಹೆಣ್ಣು ಬಂದು ತಪಾಸಣೆ ಮಾಡುತ್ತದೆ, ಒಪ್ಪಿಗೆಯಾದರೆ ಮಾತ್ರ ಮುಂದಿನ ಕೆಲಸ. ಇದನ್ನು ಓದಿದಾಗ ನನಗೆ ನಗು ಬಂತು. ಗೃಹಸಾಲದ ಎರಡನೇ ಕಂತು ಬಿಡುಗಡೆ ಮಾಡುವ ಮುಂಚೆ ನಾವು ಮಾಡುವುದೂ ಅದೇ ಅಲ್ಲವೇ? ಹೆಣ್ಣು ಒಳಸೇರಿದ ಮೇಲೆ ಗಂಡು ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಸಂಸಾರ ಹೂಡುತ್ತದೆ ಎಂದೂ ಅವರು ಕಂಡುಕೊಂಡರು. ಈ ವಿಷಯಕ್ಕೆ ಬ್ಯಾಂಕಿನಲ್ಲಿ ಹೋಲಿಕೆ ಹುಡುಕುವುದಿಲ್ಲ!

ಮುಂದೆ ಸಂಸ್ಥಾನಗಳ ಹಕ್ಕಿ ಸಮೀಕ್ಷೆಗಳು. ಹೈದರಾಬಾದ್, ತಿರುವಾಂಕೂರು, 1939-40ರಲ್ಲಿ ಮೈಸೂರು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು ಅವರು ಮೈಸೂರು ದರ್ಬಾರಿಗೆ ಹೇಳಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1941ರಲ್ಲಿ ಬಿಎನ್‌ಎಚ್‌ಎಸ್ ಅವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ಪ್ರಕಟಿಸಿತು. ಸಾಮಾನ್ಯ ಓದುಗ ಕೈಯಲ್ಲಿ ಹಿಡಿದು, ಬಣ್ಣದ ಚಿತ್ರ ನೋಡಿ, ಮರದ ಮೇಲಿನ ಹಕ್ಕಿಯ ಹೆಸರು ತಿಳಿಯಬಹುದಾದ ಪುಸ್ತಕ. ಹಕ್ಕಿಯನ್ನು ಗುರುತಿಸಲು ಅದನ್ನು ಹೊಡೆದು ಕೆಡವುವ ಅಗತ್ಯ ಇನ್ನಿರಲಿಲ್ಲ.

ಇಲ್ಲಿಗೆ ನಮ್ಮ ಚರಿತ್ರೆಯ ಮುಖ್ಯ ಉಡುಗೊರೆ. 1940ರ ದಶಕದ ಆರಂಭದಲ್ಲಿ ಡೆಹ್ರಾಡೂನ್ ಜೈಲಿನಲ್ಲಿದ್ದ ಜವಾಹರಲಾಲ್ ನೆಹರೂ ಈ ಪುಸ್ತಕವನ್ನು ಮಗಳು ಇಂದಿರಾಗೆ ಕಳಿಸಿದರು. ಅಲ್ಲಿಯವರೆಗೆ ಹಕ್ಕಿಗಳನ್ನು ವಿಶೇಷವಾಗಿ ಗಮನಿಸಿರಲಿಲ್ಲ, ಆ ಪುಸ್ತಕವೇ ಕಣ್ಣು ತೆರೆಸಿತು ಎಂದು ಇಂದಿರಾ ಗಾಂಧಿಯವರು ಮುಂದೆ ಬರೆದಿದ್ದಾರೆ. ಯೋಚಿಸಿ, ಗೋಡೆಗಳ ನಡುವೆ ಇರುವ ಅಪ್ಪ ಹೊರಗಿನ ಆಕಾಶವನ್ನು ಮಗಳಿಗೆ ಕಳಿಸುತ್ತಾನೆ!

ಆಮೇಲೆ ನಡೆದದ್ದು ದಾಖಲೆಯಲ್ಲಿದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. 1983ರಲ್ಲಿ ಕೇರಳದ ಸೈಲೆಂಟ್ ವ್ಯಾಲಿಯ ಅಣೆಕಟ್ಟು ಯೋಜನೆ ಕೈಬಿಡಲಾಯಿತು, ಮರುವರ್ಷ ಅದು ರಾಷ್ಟ್ರೀಯ ಉದ್ಯಾನವಾಯಿತು. ಆ ಯೋಜನೆ ಬೇಡವೆಂದವರಲ್ಲಿ ಸಲೀಂ ಅಲಿಯವರೂ ಇದ್ದರು.

ಒಂದು ಪುಸ್ತಕದಿಂದಲೇ ಇಷ್ಟೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ಲೆಕ್ಕ ಬರೆಯುವವನು ಒಂದೇ ವೋಚರಿಗೆ ಎಲ್ಲ ಜಮಾ ಹಾಕಬಾರದು. ವಿಜ್ಞಾನಿಗಳು, ಅಧಿಕಾರಿಗಳು, ಚಳವಳಿ ಮಾಡಿದವರು ಎಲ್ಲರ ಪಾಲೂ ಇದೆ. ಇಂದಿರಾ ಅವರ ರಾಜಕೀಯದ ಬಗ್ಗೆ, ತುರ್ತು ಪರಿಸ್ಥಿತಿಯ ಬಗ್ಗೆ ಸಿಟ್ಟಿರುವವರೂ ಇದ್ದಾರೆ, ನನಗೂ ಇದೆ. ಉದ್ಯಾನಗಳ ಹೆಸರಿನಲ್ಲಿ ಕಾಡಿನೊಳಗಿನ ಜನ ಮನೆ ಕಳೆದುಕೊಂಡದ್ದನ್ನೂ ಮರೆಯುವಂತಿಲ್ಲ, ನಾಗರಹೊಳೆಯ ಜೇನುಕುರುಬರನ್ನು ಕೇಳಿ. ಆದರೂ ಕಾಗದದ ಮೇಲೆ ಸಹಿ ಹಾಕುವ ಕೈಗೆ ಹಕ್ಕಿಯ ಹೆಸರು ಗೊತ್ತಿರುವುದಕ್ಕೂ ಗೊತ್ತಿಲ್ಲದಿರುವುದಕ್ಕೂ ವ್ಯತ್ಯಾಸವಿದೆ.

ನಮ್ಮ ಶಾಖೆಯಲ್ಲಿ ಕೆಲವು ವರ್ಷದ ಹಿಂದೆ ನಿವೃತ್ತರಾದ ಒಬ್ಬ ಹಿರಿಯ ಕ್ಯಾಶಿಯರ್ ಇದ್ದರು. ಭಾನುವಾರ ಬಂತೆಂದರೆ ಬೊರಿವಲಿಯ ಸಂಜಯ್ ಗಾಂಧಿ ಉದ್ಯಾನದಲ್ಲಿ ನಡೆಯುವುದು, ಕಾನ್ಹೇರಿ ಗುಹೆಯವರೆಗೆ ಹತ್ತುವುದು. ಸುಮಾರು 104 ಚದರ ಕಿಲೋಮೀಟರಿನ ಆ ಕಾಡಿನ ದಾರಿಗಳು ಅವರಿಗೆ ಅಂಗೈಯಂತೆ. ಬೀಳ್ಕೊಡುಗೆಗೆ ಸೂಟ್‌ಕೇಸ್ ಎಂದರು ಒಬ್ಬರು, ಗೋಡೆ ಗಡಿಯಾರ ಎಂದರು ಇನ್ನೊಬ್ಬರು. "ಜೀವನವೆಲ್ಲಾ ಗಡಿಯಾರ ನೋಡಿದ್ದಾರೆ, ಇನ್ನಾದರೂ ಬೇರೇನಾದರೂ ನೋಡಲಿ ಬಿಡಿ" ಎಂದೆ. ವಂತಿಗೆಯ ಹಣದಲ್ಲಿ ಒಂದು ಬೈನಾಕ್ಯುಲರ್, ಜೊತೆಗೆ ಸಲೀಂ ಅಲಿಯವರ ಪುಸ್ತಕ ತಂದೆವು. ಅವರು ಪುಸ್ತಕದ ಅಂಚಿನಲ್ಲಿ ನೋಡಿದ ಹಕ್ಕಿಗೆ ತಾರೀಖು ಹಾಕುತ್ತಾರಂತೆ, ಕ್ಯಾಶ್ ಬುಕ್ಕಿನ ಅಭ್ಯಾಸ!

ಹಾಗಾಗಿ ನನ್ನ ಪಟ್ಟಿ ಚಿಕ್ಕದು. ಬೈನಾಕ್ಯುಲರ್ ಕೊಡುವುದಾದರೆ 8x42 ಎಂದು ಬರೆದದ್ದು ನೋಡಿ. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿ.ಮೀ. ಅಗಲ ಎಂದರ್ಥ. ಇದಕ್ಕಿಂತ ಪಟ್ಟು ಹೆಚ್ಚಾದರೆ ಕೈ ನಡುಗಿದಂತೆ ಹಕ್ಕಿಯೂ ನಡುಗುತ್ತದೆ. ಬೆಟ್ಟ ಹತ್ತುವವರಿಗೆ ಹಣೆಗೆ ಕಟ್ಟುವ ಟಾರ್ಚ್, ಸ್ಟೀಲ್ ನೀರಿನ ಬಾಟಲಿ, ಮಳೆಗಾಲಕ್ಕೆ ಇಂಬಳ ಹತ್ತದಂತೆ ಮೊಣಕಾಲಿನವರೆಗಿನ ಕಾಲುಚೀಲ, ಒಂದು ಸೀಟಿ. ಬ್ಲೂಟೂತ್ ಸ್ಪೀಕರ್ ಮಾತ್ರ ಖಂಡಿತ ಬೇಡ, ಕಾಡಿಗೆ ತನ್ನದೇ ಸಂಗೀತವಿದೆ. ಮಕ್ಕಳು ಹಠ ಮಾಡಿದರೆಂದು ಪಂಜರದ ಗಿಣಿಯೂ ಬೇಡ. 1972ರ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಗಿಣಿಯನ್ನು ಸಾಕುವುದು ಅಪರಾಧ. ವಿಲಿಯಂ ಕಾಲ ಮುಗಿದಿದೆ.

ಊರು ಬಿಟ್ಟು ಬಂದ ನಮ್ಮಂಥವರಿಗೆ ಇನ್ನೊಂದು ಮಾತು. ಮುಂಬಯಿ, ಪುಣೆ, ಹೈದರಾಬಾದಿನಲ್ಲಿ ಬೆಳೆದ ನಮ್ಮ ಮಕ್ಕಳಿಗೆ 'ಕಿಂಗ್‌ಫಿಶರ್' ಗೊತ್ತು, 'ಮಿಂಚುಳ್ಳಿ' ಗೊತ್ತಿಲ್ಲ. 'ಡ್ರಾಂಗೋ' ಗೊತ್ತು, 'ಕಾಜಾಣ' ಗೊತ್ತಿಲ್ಲ. ಪಿಕಳಾರ, ಕೆಂಬೂತ, ಮಡಿವಾಳ ಹಕ್ಕಿ... ಇವೆಲ್ಲ ಈ ನಗರಗಳ ಮರಗಳ ಮೇಲೂ ಕೂತಿವೆ, ಕನ್ನಡದಲ್ಲಿ ಕರೆಯುವವರಿಲ್ಲ ಅಷ್ಟೇ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ತಂದುಕೊಡಿ. ಕನ್ನಡ ಓದಲು ಬಾರದ ಮಕ್ಕಳಾದರೆ ಒಂದು ಭಾನುವಾರ ಬೆಳಿಗ್ಗೆ ನೀವೇ ಜೊತೆಗೆ ಹೋಗಿ ಓದಿ ಹೇಳಿ. ಮಿಲಾರ್ಡ್ ಸಾಹೇಬರು ಆ ಹುಡುಗನಿಗೆ ಕೊಟ್ಟಿದ್ದೂ ಪುಸ್ತಕವೊಂದೇ ಅಲ್ಲವಲ್ಲ, ಅರ್ಧ ದಿನದ ಪುರುಸೊತ್ತನ್ನೂ ಕೊಟ್ಟಿದ್ದರು.