ವಾಕ್ಯಾಂತ್ಯದ ಪ್ರಿಪೊಸಿಷನ್ನೂ ಲೌತನ ಮೇಲಣ ಅಪವಾದವೂ

ಇಂಗ್ಲಿಷ್ ವ್ಯಾಕರಣದ ಚರಿತ್ರೆಯನ್ನು ಬರೆಯಹೊರಟವರ ಕೈಯಲ್ಲಿ ರಾಬರ್ಟ್ ಲೌತನು ಪಟ್ಟಿರುವಷ್ಟು ಪಾಡನ್ನು ಮತ್ತಾವ ವೈಯಾಕರಣನೂ ಪಟ್ಟಂತೆ ತೋರುವುದಿಲ್ಲ. ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಲಾಗದೆಂಬ, ‘ದಿ ಚೇರ್ ಐ ಸ್ಯಾಟ್ ಆನ್’ ಎಂದು ಬರೆದ ವಿದ್ಯಾರ್ಥಿಯನ್ನು ‘ದಿ ಚೇರ್ ಆನ್ ವಿಚ್ ಐ ಸ್ಯಾಟ್’ ಎಂದು ತಿದ್ದಿಕೊಳ್ಳುವಂತೆ ಬಲಾತ್ಕರಿಸುವ ವಿಧಿಯೊಂದು ಉಂಟಷ್ಟೆ. ಅದರ ಪಿತೃತ್ವವನ್ನು ಈತನಿಗೆ ಕಟ್ಟುವುದು ಎಷ್ಟು ರೂಢಿಯಾಗಿಬಿಟ್ಟಿದೆಯೆಂದರೆ, ಬಿಲ್ ಬ್ರೈಸನ್ನರಂತಹ ಜನಪ್ರಿಯ ಲೇಖಕರು ತಮ್ಮ ‘ದಿ ಮದರ್ ಟಂಗ್’ ಎಂಬ 1990ರ ಗ್ರಂಥದಲ್ಲಿ ಲೌತನೇ ಇದರ ಮೂಲವೆಂದು ನಿಸ್ಸಂಶಯವಾಗಿ ಹೇಳಿ, ಕೆಲವು ಸಾಲುಗಳ ತರುವಾಯ ಆತನು ಅಷ್ಟೇನೂ ಕಟ್ಟುನಿಟ್ಟಿನವನಲ್ಲವೆಂದು ತಾವೇ ಒಪ್ಪಿಕೊಂಡರೂ, ಮೊದಲು ಹೊರಿಸಿದ ಆರೋಪವನ್ನು ಹಿಂತೆಗೆದುಕೊಳ್ಳುವ ಗೋಜಿಗೆ ಹೋಗುವುದಿಲ್ಲ. (ಅವರಿಗಿಂತ ಮುಂದೆ ಹೋದವರು, ಬಿಷಪ್ಪನೊಬ್ಬನು ಧರ್ಮಪೀಠದಿಂದ ಭಾಷೆಯ ಮೇಲೆ ಶಾಸನ ಹೊರಡಿಸಿದನೆಂಬ ಚಿತ್ರವನ್ನೇ ಬರೆದಿದ್ದಾರೆ. ಲೌತನ ‘ಎ ಶಾರ್ಟ್ ಇಂಟ್ರೊಡಕ್ಷನ್ ಟು ಇಂಗ್ಲಿಷ್ ಗ್ರಾಮರ್’ ಕರ್ತೃವಿನ ಹೆಸರೇ ಇಲ್ಲದೆ 1762ರಲ್ಲಿ ಪ್ರಕಟವಾಯಿತು. ಆತನು ಬಿಷಪ್ ಆದುದು 1766ರಲ್ಲಿ. ಪೀಠವಿಲ್ಲದವನು ಪೀಠದಿಂದ ಶಾಸನ ಹೊರಡಿಸುವುದೆಂತು?)

ವಿವಾದಾಸ್ಪದವಾದ ಭಾಗ ಹೆಚ್ಚೆಂದರೆ ಕೆಲವೇ ಪಂಕ್ತಿಗಳದು. ಪ್ರಿಪೊಸಿಷನ್ನು ಅನೇಕ ವೇಳೆ ತನ್ನ ಅಧೀನದಲ್ಲಿರುವ ಸಂಬಂಧಾರ್ಥಕ ಸರ್ವನಾಮದಿಂದ ಅಗಲಿ, ವಾಕ್ಯದ ಕೊನೆಯಲ್ಲಿ ಕ್ರಿಯಾಪದದೊಡನೆ ಕೂಡಿಕೊಳ್ಳುವುದೆಂದು ಅಲ್ಲಿ ಮೊದಲು ಹೇಳಿದೆ. ಹೊರೇಸ್ ಕವಿಯನ್ನು ಕುರಿತ ಒಂದು ವಾಕ್ಯವನ್ನೂ ಪೋಪ್ ಕವಿಯ ಗದ್ಯದಿಂದ ಇನ್ನೊಂದನ್ನೂ ಉದಾಹರಿಸಿದೆ. ಬಳಿಕ, ಈ ವಾಕ್ಸರಣಿಯ ಕಡೆಗೆ ಭಾಷೆ ಬಲವಾಗಿ ಒಲಿದಿರುವುದನ್ನೂ, ಇದು ಮಾತುಕತೆಯಲ್ಲಿಯೂ ಆತ್ಮೀಯ ಶೈಲಿಯ ಬರಹದಲ್ಲಿಯೂ ಚೆನ್ನಾಗಿ ಹೊಂದುವುದನ್ನೂ ಅಂಗೀಕರಿಸಿ, ಪ್ರಿಪೊಸಿಷನ್ನನ್ನು ಸರ್ವನಾಮದ ಮುಂದಿಡುವುದು ಹೆಚ್ಚು ಲಲಿತವೆಂದೂ ಸ್ಪಷ್ಟವೆಂದೂ, ಗಂಭೀರವೂ ಉನ್ನತವೂ ಆದ ಶೈಲಿಗೆ ಹೆಚ್ಚು ಒಪ್ಪುವುದೆಂದೂ ಅಭಿಪ್ರಾಯಪಟ್ಟಿದೆ. ಇದರಲ್ಲಿ ನಿಷೇಧವೆಲ್ಲಿದೆ? ಎರಡು ಶೈಲಿಗಳನ್ನು ಹೆಸರಿಸಿ, ಅವುಗಳ ಪೈಕಿ ಒಂದಕ್ಕೆ ಒಂದು ಕ್ರಮವು ಹೆಚ್ಚು ಒಪ್ಪುವುದೆಂದು ಹೇಳುವವನು ಇನ್ನೊಂದನ್ನು ಬಹಿಷ್ಕರಿಸಿದನೆಂದು ಓದುವುದು ಯಾವ ನ್ಯಾಯ?

ಆದರೆ ಪ್ರತಿಪಕ್ಷದವರು ಇಷ್ಟಕ್ಕೆ ಸುಮ್ಮನಾಗತಕ್ಕವರಲ್ಲ. ಸೌಮ್ಯವಾದ ನುಡಿಯ ಹಿಂದೆ ಖಂಡನೆ ಅಡಗಿದೆಯೆಂದು ಅವರು ವಾದಿಸುವರಾದ್ದರಿಂದ, ಲೌತನು ಖಂಡಿಸಬೇಕೆಂದಾಗ ಹೇಗೆ ಖಂಡಿಸುತ್ತಾನೆಂಬುದನ್ನು ನೋಡಬೇಕಾಗುತ್ತದೆ. ಇದನ್ನು ನೋಡುವ ಶ್ರಮವನ್ನು ಅವರು ವಹಿಸಿದಂತಿಲ್ಲ. ಆ ಗ್ರಂಥದ ರಚನಾಕ್ರಮವೇ ಇಲ್ಲಿ ಸಾಕ್ಷಿ. ನಿಯಮಗಳು ಮೇಲಣ ಪಠ್ಯದಲ್ಲಿಯೂ, ಶೇಕ್ಸ್‌ಪಿಯರ್, ಮಿಲ್ಟನ್, ಸ್ವಿಫ್ಟ್, ಅಡಿಸನ್ ಮೊದಲಾದ ಮಹಾಲೇಖಕರ ದೋಷಗಳು ಅಡಿಟಿಪ್ಪಣಿಗಳಲ್ಲಿಯೂ ನಿಂತಿವೆ. ವಾಕ್ಯಾಂತ್ಯದ ಪ್ರಿಪೊಸಿಷನ್ನಿನ ಎರಡು ಉದಾಹರಣೆಗಳಾದರೋ ದೋಷಗಳ ಆ ನೆಲಮಾಳಿಗೆಗೆ ಇಳಿಯದೆ ಮೇಲಣ ಪಠ್ಯದಲ್ಲಿಯೇ ಇವೆ. ಇದಕ್ಕಿಂತಲೂ ನಿರ್ಣಾಯಕವಾದುದು ಅಲ್ಲಿಯೇ ಸಮೀಪದಲ್ಲಿರುವ ಒಂದು ಅಡಿಟಿಪ್ಪಣಿ. ಪ್ರಿಪೊಸಿಷನ್ನು ಕರ್ಮವಿಭಕ್ತಿಯನ್ನು ಅಪೇಕ್ಷಿಸುವುದೆಂಬ ನಿಯಮಕ್ಕೆ ವಿರುದ್ಧವಾದ ಪ್ರಯೋಗಗಳೆಂದು ಶೇಕ್ಸ್‌ಪಿಯರನ ನಾಟಕಗಳಿಂದ ಕೆಲವು ಪ್ರಶ್ನೆಗಳನ್ನು ಅಲ್ಲಿ ಎತ್ತಿ ಕೊಟ್ಟಿದೆ. ‘ಅಂಡರ್’, ‘ಟು’ ಎಂಬ ಪ್ರಿಪೊಸಿಷನ್ನುಗಳು ಆ ಪ್ರಶ್ನೆಗಳ ಕೊನೆಯಲ್ಲಿಯೇ ನಿಂತಿವೆ. ಲೌತನು ಅಲ್ಲಿ ತಿದ್ದುವುದು ಏನನ್ನು? ‘ಹೂ’ ಎಂಬುದನ್ನು ‘ಹೂಮ್’ ಎಂದು ಮಾಡಬೇಕೆನ್ನುತ್ತಾನೆ, ಅಷ್ಟೆ. ವಾಕ್ಯಾಂತ್ಯದಲ್ಲಿ ಕಣ್ಣಿಗೆ ಹೊಡೆಯುವಂತೆ ನಿಂತಿರುವ ಪ್ರಿಪೊಸಿಷನ್ನಿನ ವಿಷಯದಲ್ಲಿ ಆ ನಿಷ್ಠುರ ವಿಮರ್ಶಕನಿಗೆ ಹೇಳಬೇಕಾದುದು ಏನೂ ಇಲ್ಲ. ಅದು ಅಪರಾಧವಾಗಿದ್ದ ಪಕ್ಷದಲ್ಲಿ ಅದೇ ವಾಕ್ಯದ ಮೇಲೆ ಎರಡನೆಯ ಆರೋಪವನ್ನು ಹೊರಿಸಲು ಆತನಿಗೆ ಯಾವ ದಾಕ್ಷಿಣ್ಯವಿದ್ದೀತು?

ಇಷ್ಟೇ ಅಲ್ಲದೆ, ಅದೇ ಪ್ರಸಂಗದಲ್ಲಿ ಭಿನ್ನವಾದ ಎರಡು ಪ್ರಿಪೊಸಿಷನ್ನುಗಳನ್ನು ಒಂದೇ ನಾಮಪದದ ಮೇಲೆ ಹೇರುವ ಪದ್ಧತಿಯನ್ನು ಲೌತನು ಚರ್ಚಿಸುತ್ತಾನೆ. ಇದು ಯಾವ ಶೈಲಿಯಲ್ಲಿಯೇ ಆಗಲಿ ಸರ್ವದಾ ಅಸುಂದರವೆಂದು ಅಲ್ಲಿ ಖಡಾಖಂಡಿತವಾಗಿ ನುಡಿದಿದ್ದಾನೆ. ‘ಸರ್ವದಾ’ ಎಂಬ ಮಾತು ಆತನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅದನ್ನು ಅಲ್ಲಿ ಬಳಸಿ ಇಲ್ಲಿ ಬಳಸದಿದ್ದುದು ಮರೆವಿನಿಂದಲ್ಲ. ವಿಶೇಷಣಗಳ ಪ್ರಕರಣದಲ್ಲಿಯೂ ಈ ವಿವೇಕವೇ ಕಾಣುತ್ತದೆ: ತರತಮ ಪ್ರತ್ಯಯದೊಡನೆ ‘ಮೋರ್’, ‘ಮೋಸ್ಟ್’ ಎಂಬುವನ್ನು ಸೇರಿಸಿ ಇಮ್ಮಡಿಗೊಳಿಸುವುದು ತಪ್ಪೆಂದು ವಿಧಿಸಿದ ಲೌತನೇ, ಕೀರ್ತನೆಗಳ ಹಳೆಯ ಭಾಷಾಂತರದಲ್ಲಿ ಪರಮಾತ್ಮನಿಗೆ ಸಂದಿರುವ ‘ಮೋಸ್ಟ್ ಹೈಯೆಸ್ಟ್’ ಎಂಬುದಕ್ಕೆ ಆ ವಿಷಯದ ಮಹಿಮೆಯಿಂದಲೇ ಒಂದು ಔಚಿತ್ಯ ಬಂದಿದೆಯೆಂದು ಬಿಡುತ್ತಾನೆ. ಹೀಬ್ರೂ ಕಾವ್ಯದ ಸಮಾಂತರ ಪಂಕ್ತಿಗಳ ರಹಸ್ಯವನ್ನು ಯೂರೋಪಿಗೆ ತಿಳಿಯಹೇಳಿದ ಪಂಡಿತನಿಗೆ, ನಿಯಮಕ್ಕಿಂತ ಔಚಿತ್ಯ ದೊಡ್ಡದೆಂಬುದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ಇನ್ನು, ಈ ವಾಕ್ಸರಣಿಯ ಕಡೆಗೆ ಭಾಷೆ ಒಲಿದಿದೆಯೆನ್ನುವ ಲೌತನ ವಾಕ್ಯವೇ ‘ಟು’ ಎಂಬ ಪ್ರಿಪೊಸಿಷನ್ನಿನಲ್ಲಿ ಮುಗಿಯುವುದೆಂಬ ಪ್ರಸಿದ್ಧವಾದ ಸಂಗತಿ. ಇದು ಹಾಸ್ಯವೆಂದು ಕೆಲವರೂ, ಕೈತಪ್ಪೆಂದು ಕೆಲವರೂ ಹೇಳುತ್ತಾರೆ. ಕೈತಪ್ಪೆಂಬ ಪಕ್ಷವನ್ನು ನಾನು ಒಪ್ಪಲಾರೆ. ಗ್ರಂಥದ ದೋಷಗಳನ್ನು ಪುಸ್ತಕವ್ಯಾಪಾರಿಯ ಮೂಲಕ ತಿಳಿಸಬೇಕೆಂದು ಲೌತನು ಪೀಠಿಕೆಯಲ್ಲಿ ವಿದ್ವಾಂಸರನ್ನು ಪ್ರಾರ್ಥಿಸಿದ್ದನು. ಮರುವರ್ಷವೇ ತಿದ್ದಿದ ಎರಡನೆಯ ಮುದ್ರಣವೂ ಹೊರಬಂದಿತು. ಆ ‘ಟು’ ಮಾತ್ರ ತನ್ನ ಸ್ಥಾನದಿಂದ ಕದಲಲಿಲ್ಲ. ಹಾಸ್ಯವೋ ಅಲ್ಲವೋ, ಉದ್ದೇಶಪೂರ್ವಕವೆಂಬುದಂತೂ ನನ್ನ ದೃಢವಾದ ಮತ.

ಅದನ್ನು ಕದಲಿಸಿದವನು ಲಿಂಡ್ಲೆ ಮರೇ. ಅಮೆರಿಕದಲ್ಲಿ ವಕೀಲನಾಗಿದ್ದು, ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಳಿ ನೆಲೆಸಿ, ಕ್ವೇಕರ್ ಪಂಥದ ಬಾಲಿಕಾಶಾಲೆಯ ಉಪಯೋಗಕ್ಕಾಗಿ 1795ರಲ್ಲಿ ವ್ಯಾಕರಣವನ್ನು ಪ್ರಕಟಿಸಿದ ಈ ಸಜ್ಜನನು ಲೌತನ ಕಂಡಿಕೆಯನ್ನು ಬಹುಮಟ್ಟಿಗೆ ಅಕ್ಷರಶಃ ಎತ್ತಿಕೊಂಡನು. ಆ ಒಂದು ವಾಕ್ಯದಲ್ಲಿ ಮಾತ್ರ ‘ಟು’ ಎಂಬುದನ್ನು ಕೊನೆಯಿಂದ ಕಿತ್ತು ‘ವಿಚ್’ ಎಂಬುದರ ಮುಂದೆ ನೆಟ್ಟನು. ತಾನು ಸಂಗ್ರಾಹಕನೇ ಹೊರತು ಸ್ವತಂತ್ರ ಗ್ರಂಥಕರ್ತನಲ್ಲವೆಂದು ಒಪ್ಪಿಕೊಂಡವನಾದ್ದರಿಂದ ಎರವಲಿನ ವಿಷಯದಲ್ಲಿ ಆತನನ್ನು ನಿಂದಿಸಬೇಕಾದುದಿಲ್ಲ. (ಮರೇಯನ್ನು ಚೋರನೆನ್ನುವವರು ಆ ಕಾಲದ ಪಠ್ಯಪುಸ್ತಕಗಳ ನಡವಳಿಕೆಯನ್ನು ಅರಿಯರು.) ಆದರೆ ಲೌತನಲ್ಲಿ ಲಕ್ಷ್ಯವೂ ಲಕ್ಷಣವೂ ಒಂದೇ ವಾಕ್ಯದಲ್ಲಿ ನಿಂತಿದ್ದುವು, ಮರೇಯಲ್ಲಿ ಲಕ್ಷಣ ಉಳಿದು ಲಕ್ಷ್ಯ ಅಳಿಯಿತು. ಹತ್ತೊಂಬತ್ತನೆಯ ಶತಮಾನದ ಶಾಲೆಗಳ ಪಾಲಿಗೆ ದೊರೆತ ವ್ಯಾಕರಣ ಮರೇಯದು. ಅಲ್ಲಿನ ಅಧ್ಯಾಪಕರಲ್ಲಿ ಬಹುಮಂದಿ ಲೌತನ ಅಭಿಪ್ರಾಯವನ್ನು ಕಂಡುದು, ತಿದ್ದಿ ನೇರ್ಪಡಿಸಿದ ಈ ರೂಪದಲ್ಲಿಯೇ.

ಮೂಲವನ್ನು ಹುಡುಕುವವರು ಡ್ರೈಡನ್ನನ ಬಳಿಗೆ ಹೋಗಬೇಕು. ಲೌತನ ಗ್ರಂಥಕ್ಕೆ ತೊಂಬತ್ತು ವರ್ಷಗಳ ಹಿಂದೆ, 1672ರಲ್ಲಿ, ಡ್ರೈಡನ್ನನು ಬೆನ್ ಜಾನ್ಸನ್ನನ ‘ಕ್ಯಾಟಿಲೈನ್’ ನಾಟಕದ ಒಂದು ಪಂಕ್ತಿಯನ್ನು ಹಿಡಿದು, ವಾಕ್ಯಾಂತ್ಯದ ಪ್ರಿಪೊಸಿಷನ್ನು ಆ ಕವಿಯ ವಾಡಿಕೆಯ ದೋಷವೆಂದೂ ತನ್ನ ಬರಹದಲ್ಲಿಯೂ ಅದನ್ನು ಈಚೆಗೆ ಗಮನಿಸಿದೆನೆಂದೂ ಬರೆದನು. 1668ರ ತನ್ನ ನಾಟಕಕಾವ್ಯ ಪ್ರಬಂಧವನ್ನು 1684ರಲ್ಲಿ ಮರುಮುದ್ರಿಸುವಾಗ ಅಂತಹ ವಾಕ್ಯಗಳನ್ನು ಹುಡುಕಿ ತಿದ್ದಿದನು. ದೋಷವೆಂಬ ಮಾತು ಲೌತನಲ್ಲಿಲ್ಲ, ಡ್ರೈಡನ್ನನಲ್ಲಿದೆ. ದೋಷವೇಕೆಂಬುದಕ್ಕೆ ಕಾರಣವನ್ನಾದರೋ ಆ ಮಹಾಕವಿಯೂ ಕೊಡಲಿಲ್ಲ.

1926ರಷ್ಟು ಹಿಂದೆಯೇ ಇಂಗ್ಲಿಷ್ ಪ್ರಯೋಗಕೋಶಕಾರನಾದ ಫೌಲರನು ಈ ನಿಷೇಧವನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿದ್ದರೂ ನಮ್ಮ ಶಾಲೆಗಳಲ್ಲಿ ಇದು ಅಳಿದಿಲ್ಲ. ವಿಚಿತ್ರವೆಂದರೆ, ಇಲ್ಲಿಯ ತಲೆಮಾರುಗಳು ಪ್ರಮಾಣಗ್ರಂಥವೆಂದು ಶಿರಸಾ ವಹಿಸಿರುವ ವ್ರೆನ್ ಮತ್ತು ಮಾರ್ಟಿನ್ನರ ವ್ಯಾಕರಣವೇ, ಸಂಬಂಧಾರ್ಥಕ ಸರ್ವನಾಮವು ‘ದ್ಯಾಟ್’ ಆಗಿರುವಲ್ಲಿ ಪ್ರಿಪೊಸಿಷನ್ನು ಕೊನೆಗೇ ಬರತಕ್ಕದ್ದೆಂದು ಹೇಳುತ್ತದೆ. ಉತ್ತರಪತ್ರಿಕೆಯಲ್ಲಿ ಅಂತಹ ವಾಕ್ಯದ ಕೆಳಗೆ ಕೆಂಪುಗೆರೆಯನ್ನೆಳೆಯುವ ಉಪಾಧ್ಯಾಯ ಮಹಾಶಯರು, ಲೌತನನ್ನು ಓದದಿದ್ದರೂ ಚಿಂತೆಯಿಲ್ಲ, ತಮ್ಮ ಮೇಜಿನ ಮೇಲಿರುವ ಆ ಪುಸ್ತಕದ ಪ್ರಿಪೊಸಿಷನ್ ಪ್ರಕರಣವನ್ನಾದರೂ ಒಮ್ಮೆ ತೆರೆದು ನೋಡಬೇಕೆಂದು ಪ್ರಾರ್ಥಿಸುತ್ತೇನೆ.